ಅನಾಫರ್ಟಾ ಬಯಲಿನಲ್ಲಿ ನಾಲ್ಕು ದಿನ: ಐದನೇ ನಾರ್ಫೋಕ್ ಬೆಟಾಲಿಯನ್ನಿನ ಹಾದಿ ಹಿಡಿದು

ಮೊದಲ ದಿನ: ಇಸ್ತಾಂಬುಲ್‌ನಿಂದ ಎಜೆಆಬಾತ್‌ಗೆ

ಹೋಗುವುದಾದರೆ ಆಗಸ್ಟ್ ತಿಂಗಳಲ್ಲೇ ಹೋಗಬೇಕೆಂದು ಹಟ ಹಿಡಿದವನು ನಾನು. ಬಿಸಿಲಿನ ಭಯ ತೋರಿಸಿ ಏಪ್ರಿಲ್‌ಗೆ ಮುಂದೂಡೋಣ ಎಂದು ನನ್ನ ತಮ್ಮ ಹೇಳಿ ನೋಡಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ಮಿತ್ರರು ತುರ್ಕರೊಡನೆ ಕಾದಿದ ಟರ್ಕಿಯ ಗ್ಯಾಲಿಪೊಲಿ ಪರ್ಯಾಯದ್ವೀಪಕ್ಕೆ ಬರುವ ಹೆಚ್ಚಿನ ಯಾತ್ರಿಕರು ಏಪ್ರಿಲ್ 25ರ ಆಸುಪಾಸಿನಲ್ಲಿ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸೈನಿಕರು ದಡ ಹತ್ತಿದ ದಿನದ ನೆನಪಿಗೆ ಬರುತ್ತಾರೆ. ನಾನು ಹುಡುಕಿಕೊಂಡು ಹೊರಟಿದ್ದು ಬೇರೊಂದು ದಿನವನ್ನು, 1915ರ ಆಗಸ್ಟ್ 12ರ ಇಳಿಹೊತ್ತನ್ನು. ಆ ಹೊತ್ತಿನಲ್ಲಿ ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯ ಒಂದು ಮೀಸಲು ಪದಾತಿ ಬೆಟಾಲಿಯನ್ ಸುವ್ಲಾ ಕೊಲ್ಲಿಯ ಹಿಂದಿನ ಬಯಲನ್ನು ದಾಟಲು ಹೊರಟಿತು. ಅದರ ದಂಡನಾಯಕನೂ ಬಹುಪಾಲು ಅಧಿಕಾರಿಗಳೂ ಅಂದು ಹಿಂದಿರುಗಲಿಲ್ಲ.

ಇಸ್ತಾಂಬುಲ್‌ನಿಂದ ಪರ್ಯಾಯದ್ವೀಪದ ಎಜೆಆಬಾತ್ ಊರಿಗೆ ರಸ್ತೆಯಲ್ಲಿ ಸುಮಾರು ಐದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಸೂರ್ಯಕಾಂತಿಯ ಹೊಲಗಳು, ಆಮೇಲೆ ಎಡಕ್ಕೆ ಡಾರ್ಡನೆಲ್ಸ್ ಜಲಸಂಧಿ. ಗೆಲಿಬೊಲು ಊರಿನ ಹತ್ತಿರ 2022ರಲ್ಲಿ ತೆರೆದ ಹೊಸ ತೂಗುಸೇತುವೆ ಕಾಣಿಸಿತು. ಅದರ ಹೆಸರು '1915 ಚನಕ್ಕಲೆ'. ಗೋಪುರಗಳ ಎತ್ತರ 318 ಮೀಟರ್, ನಡುವಿನ ಹರವು 2023 ಮೀಟರ್. 1915ರ ಮಾರ್ಚ್ 18ರಂದು ಮಿತ್ರಪಕ್ಷದ ನೌಕಾಪಡೆಯನ್ನು ಈ ಜಲಸಂಧಿಯಲ್ಲಿ ತಡೆದುದರ ನೆನಪು 318 ಎಂಬ ಮೊದಲ ಅಂಕಿಯಲ್ಲಿದೆ: ಮೂರನೇ ತಿಂಗಳು, 18ನೇ ದಿನ. ಟರ್ಕಿ ಗಣರಾಜ್ಯದ ನೂರನೇ ವರ್ಷದ ನೆನಪು ಎರಡನೆಯದರಲ್ಲಿದೆ.

ರಾತ್ರಿ ಊಟದ ಮೇಜಿನಲ್ಲಿ ತಮ್ಮ ಕೇಳಿದ: "ಅಣ್ಣ, ಮೀಸಲು ಪಡೆ ಅಂದರೆ ಸರಿಯಾದ ಸೈನಿಕರಲ್ಲವೇ?" ಅವನಿಗೆ ಹೇಳಿದ್ದನ್ನು ಇಲ್ಲೂ ಹೇಳಬೇಕು. ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಹಾಲ್ಡೇನ್ 1908ರಲ್ಲಿ ಊರೂರುಗಳ ಸ್ವಯಂಸೇವಕ ದಳಗಳನ್ನು ಒಂದುಗೂಡಿಸಿ 'ಟೆರಿಟೋರಿಯಲ್ ಫೋರ್ಸ್' ಎಂಬ ಪ್ರಾದೇಶಿಕ ಪಡೆಯನ್ನು ಕಟ್ಟಿದರು. ಇದರ ಸೈನಿಕರು ಹಗಲಿಗೆ ತಮ್ಮ ತಮ್ಮ ಕಸುಬು ಮಾಡಿಕೊಂಡು, ಸಂಜೆ ಕವಾಯತು ಮಾಡಿ, ವರ್ಷಕ್ಕೊಮ್ಮೆ ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದರು. ಖಾಯಂ ಸೇನೆ ಕಡಲಾಚೆ ಹೋದಾಗ ತಾಯ್ನಾಡನ್ನು ಕಾಯುವುದು ಅವರ ಹೊಣೆಯಾಗಿತ್ತು. ಹೊರದೇಶದ ಯುದ್ಧಕ್ಕೆ ಹೋಗಬೇಕಾದರೆ ಪ್ರತಿಯೊಬ್ಬನೂ ತಾನಾಗಿ ಒಪ್ಪಿ ಸಹಿ ಹಾಕಬೇಕಿತ್ತು. ನಾರ್ಫೋಕ್ ರೆಜಿಮೆಂಟಿನ ಐದನೇ ಬೆಟಾಲಿಯನ್ ಇಂಥದ್ದು. ಅದರ ಕೇಂದ್ರ ಈಸ್ಟ್ ಡೆರೆಹ್ಯಾಮ್ ಎಂಬ ಸಣ್ಣ ಪೇಟೆಯಲ್ಲಿತ್ತು. ರಾಜಮನೆತನದ ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿನ ತೋಟಗಾರರು, ಬೇಟೆಕಾಡಿನ ಕಾವಲುಗಾರರು, ಹೊಲದ ಆಳುಗಳು ಮತ್ತು ಅರಮನೆಯ ಪರಿಚಾರಕರನ್ನೇ ಸೇರಿಸಿ ಕಟ್ಟಿದ ಒಂದು ಕಂಪನಿಯೂ ಅದರಲ್ಲಿತ್ತು. ಏಳನೇ ಎಡ್ವರ್ಡ್ ದೊರೆಯ ಇಚ್ಛೆಯಂತೆ ಅದನ್ನು ಕಟ್ಟಿದವರು ಎಸ್ಟೇಟಿನ ಆಡಳಿತ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಬೆಕ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಜಮೀನಿನ ಪಾರುಪತ್ಯಗಾರನೇ ತನ್ನ ಆಳುಗಳಿಗೆ ಕ್ಯಾಪ್ಟನ್ ಆಗಿದ್ದ.

ಎರಡನೆಯ ದಿನ: ಹೆಲ್ಲೆಸ್

ಪರ್ಯಾಯದ್ವೀಪದ ದಕ್ಷಿಣದ ತುದಿಯಲ್ಲಿ ಹೆಲ್ಲೆಸ್ ಸ್ಮಾರಕವಿದೆ. ಮೂವತ್ತು ಮೀಟರಿಗೂ ಎತ್ತರವಾದ ಕಲ್ಲಿನ ಸ್ತಂಭ. ಜಲಸಂಧಿಯನ್ನು ಹೊಕ್ಕು ಹೊರಡುವ ಪ್ರತಿ ಹಡಗಿಗೂ ಕಾಣುವಂತೆ ಅದನ್ನು ನಿಲ್ಲಿಸಿದ್ದಾರೆ. ಸುತ್ತಲಿನ ಗೋಡೆಗಳ ಮೇಲೆ, ಗುರುತಿಸಿದ ಗೋರಿಯಿಲ್ಲದವರ 20,000ಕ್ಕೂ ಹೆಚ್ಚು ಹೆಸರುಗಳಿವೆ. ಐದನೇ ನಾರ್ಫೋಕಿನವರು ಹೋರಾಡಿ ಬಿದ್ದದ್ದು ಇಲ್ಲಿಂದ ಬಹು ದೂರದ ಉತ್ತರದಲ್ಲಿ. ಆದರೂ ಅವರ ಅಧಿಕಾರಿಗಳನ್ನು ಭೇಟಿಯಾಗಬೇಕಾದರೆ ಮೊದಲು ಇಲ್ಲಿಗೇ ಬರಬೇಕು.

ನಾರ್ಫೋಕ್ ರೆಜಿಮೆಂಟಿನ ಫಲಕಗಳನ್ನು ಹುಡುಕಿ ನಿಂತಾಗ ಬೆಳಗಿನ ಒಂಬತ್ತು ಗಂಟೆ. ಲೆಫ್ಟಿನೆಂಟ್ ಕರ್ನಲ್ ಸರ್ ಹೊರೇಸ್ ಪ್ರಾಕ್ಟರ್-ಬೀಚಮ್ ಬೆಟಾಲಿಯನ್ನಿನ ದಂಡನಾಯಕ. 20ನೇ ಹುಸಾರ್ಸ್ ಎಂಬ ಅಶ್ವದಳದಲ್ಲಿ ಸೇವೆ ಸಲ್ಲಿಸಿದ್ದವರು, ಯುದ್ಧ ಬಂದಾಗ ಮತ್ತೆ ಸಮವಸ್ತ್ರ ತೊಟ್ಟರು. ಆಗ ಅವರಿಗೆ 58 ವರ್ಷ. ಅವರ ಜೊತೆಗೆ ಅದೇ ದಿನ ಸತ್ತವರಲ್ಲಿ ಅವರ ತಮ್ಮನ ಮಗ, ಸೆಕೆಂಡ್ ಲೆಫ್ಟಿನೆಂಟ್ ಮಾಂಟೆಗ್ಯು ಪ್ರಾಕ್ಟರ್-ಬೀಚಮ್ ಕೂಡ ಇದ್ದ. ಆ ಹುಡುಗನ ತಂದೆ, 1885ರಲ್ಲಿ ಕೇಂಬ್ರಿಡ್ಜ್‌ನಿಂದ ಚೀನಾಕ್ಕೆ ಧರ್ಮಪ್ರಚಾರಕ್ಕೆಂದು ಹೊರಟ ಏಳು ಯುವಕರಲ್ಲಿ ಒಬ್ಬರು. ಅಣ್ಣನನ್ನೂ ಮಗನನ್ನೂ ಒಂದೇ ಸಂಜೆ ಕಳೆದುಕೊಂಡ ಆತನಿಗೆ ಅಣ್ಣನ ವಂಶಪಾರಂಪರ್ಯದ ಬ್ಯಾರನೆಟ್ ಪದವಿ ಬಂದು ಸೇರಿತು. ಅಂಥ ಪದವಿಯನ್ನು ಯಾವ ಮನಸ್ಸಿನಿಂದ ಸ್ವೀಕರಿಸಿದ್ದರೋ ಎಂದು ಆ ಎರಡು ಹೆಸರುಗಳ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ.

ಕ್ಯಾಪ್ಟನ್ ಫ್ರಾಂಕ್ ಬೆಕ್‌ಗೆ ಆಗ 54 ವರ್ಷ. ಆ ವಯಸ್ಸಿನವರು ಊರಿನಲ್ಲೇ ಉಳಿದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ತಾನೇ ಕರೆದು ಸೇರಿಸಿದ ಹುಡುಗರನ್ನು ಬೇರೆಯವರ ಕೈಗೊಪ್ಪಿಸಿ ಕೂರಲು ಅವರಿಗೆ ಮನಸ್ಸಾಗಲಿಲ್ಲ. ಬೆಟಾಲಿಯನ್ನಿನ ಅಜುಟೆಂಟ್, ಅಂದರೆ ದಂಡನಾಯಕನ ಆಡಳಿತ ಸಹಾಯಕ ಆಗಿದ್ದ ಕ್ಯಾಪ್ಟನ್ ಆರ್ಥರ್ ವಾರ್ಡ್, ಕ್ಯಾಪ್ಟನ್ ಪ್ಯಾಟ್ರಿಕ್, ಸೆಕೆಂಡ್ ಲೆಫ್ಟಿನೆಂಟ್ ಒಲಿಫಂಟ್, ಕ್ಯೂಬಿಟ್ ಮನೆತನದ ಸಹೋದರರು, ಹೀಗೆ ನಾರ್ಫೋಕಿನ ಜಮೀನ್ದಾರ ಮನೆಗಳ ಹೆಸರುಗಳೇ ಒಂದರ ಹಿಂದೆ ಒಂದು. ಊರಿನ ಪಡೆಯೊಂದು ಊರಿನ ಪಡೆಯಾಗಿಯೇ ಯುದ್ಧಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈ ಫಲಕವೇ ಸಾಕ್ಷಿ: ಬೇರೆ ಬೇರೆ ರಣರಂಗಗಳಲ್ಲಿ ವರ್ಷಗಳ ಮೇಲೆ ಹರಡಬೇಕಾಗಿದ್ದ ಸಾವುಗಳು ಒಂದೇ ಜಿಲ್ಲೆಯ ಮನೆಗಳಿಗೆ ಒಂದೇ ವಾರದಲ್ಲಿ ಬಂದು ತಲುಪಿದವು. ಕ್ಯೂಬಿಟ್ ಎಂಬ ಹೆಸರಿನ ಮುಂದೆ ನನ್ನ ತಮ್ಮ ಏನೂ ಮಾತನಾಡದೆ ನಿಂತಿದ್ದ.

ಹೆಲ್ಲೆಸ್‌ನ ಗೋಡೆಗಳ ಮೇಲೆ ನಮ್ಮ ಉಪಖಂಡದ ಹೆಸರುಗಳೂ ಇವೆ. ಜೂನ್ 4ರಂದು ಇಲ್ಲಿಗೆ ಹತ್ತಿರದ ಕಂದರವೊಂದರಲ್ಲಿ 14ನೇ ಸಿಖ್ ಬೆಟಾಲಿಯನ್ ತನ್ನ ಬಹುಪಾಲು ಸೈನಿಕರನ್ನು ಒಂದೇ ದಿನದಲ್ಲಿ ಕಳೆದುಕೊಂಡಿತು. ಪರ್ವತ ಫಿರಂಗಿ ದಳಗಳು, ಹೇಸರಗತ್ತೆಗಳ ಮೇಲೆ ನೀರು ಮತ್ತು ಮದ್ದುಗುಂಡು ಸಾಗಿಸಿದ ಸಾಗಣೆ ದಳ, ಗೂರ್ಖಾಗಳು, ಎಲ್ಲರೂ ಈ ನೆಲದಲ್ಲಿ ದುಡಿದವರೇ. ಅವರ ಕಥೆಗೆ ಬೇರೆಯೇ ಪ್ರವಾಸ ಬೇಕು. ಕೈ ಮುಗಿದು ಹೊರಟೆವು.

ಮೂರನೆಯ ದಿನ: ಚುನುಕ್ ಬೇರ್‌ನ ಮೇಲಿಂದ

ತುರ್ಕರು ಜೊಂಕ್‌ಬಾಯಿರಿ ಎಂದು ಕರೆಯುವ ಈ ಬೆಟ್ಟದ ಮೇಲೆ ನ್ಯೂಜಿಲೆಂಡಿನ ಸ್ಮಾರಕವೂ ಮುಂದೆ ಟರ್ಕಿ ಗಣರಾಜ್ಯವನ್ನು ಕಟ್ಟಿದ ಮುಸ್ತಫಾ ಕಮಾಲರ ಪ್ರತಿಮೆಯೂ ಪಕ್ಕಪಕ್ಕದಲ್ಲೇ ಇವೆ. 1915ರ ಆಗಸ್ಟ್ 10ರ ಬೆಳಗ್ಗೆ ಇಲ್ಲಿ ಪ್ರತಿದಾಳಿ ನಡೆಸುತ್ತಿದ್ದಾಗ ಗುಂಡಿನ ಚೂರೊಂದು ಕಮಾಲರ ಎದೆಗೆ ಬಡಿಯಿತು. ಜೇಬಿನ ಗಡಿಯಾರ ಅದನ್ನು ತಡೆದು ಒಡೆಯಿತು, ಮನುಷ್ಯ ಉಳಿದರು. ಒಡೆದ ಗಡಿಯಾರವನ್ನು ಅವರು ಇಲ್ಲಿನ ತುರ್ಕಿ ಸೇನೆಯನ್ನು ನಡೆಸುತ್ತಿದ್ದ ಜರ್ಮನ್ ಸೇನಾಪತಿ ಲೀಮಾನ್ ಫಾನ್ ಸಾಂಡರ್ಸ್‌ಗೆ ಕೊಟ್ಟರು. ಗ್ಯಾಲಿಪೊಲಿಯ ಕಥೆಯಲ್ಲಿ ಇನ್ನೊಂದು ಗಡಿಯಾರವೂ ಇದೆ. ಅದು ಫ್ರಾಂಕ್ ಬೆಕ್ ಅವರ ಚಿನ್ನದ ಗಡಿಯಾರ. ಅದನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟವರು ಸರ್ ಡೈಟನ್ ಪ್ರೋಬಿನ್. ನಮ್ಮ ದೇಶದ ಸೇನಾ ಇತಿಹಾಸ ಓದಿದವರಿಗೆ 'ಪ್ರೋಬಿನ್ಸ್ ಹಾರ್ಸ್' ಎಂಬ ಅಶ್ವದಳದ ಮೂಲಕ ಪರಿಚಿತವಾದ ಹೆಸರು ಅದು. ಆ ಗಡಿಯಾರ ಒಡೆಯನನ್ನು ಉಳಿಸಲಿಲ್ಲ. ಯುದ್ಧ ಮುಗಿದ ಮೇಲೆ ಟರ್ಕಿಯಲ್ಲಿ ಪತ್ತೆಯಾಗಿ ಬೆಕ್ ಕುಟುಂಬಕ್ಕೆ ಮರಳಿತು.

ಬೆಟ್ಟದ ಅಂಚಿನಲ್ಲಿ ನಿಂತರೆ ಉತ್ತರಕ್ಕೆ ಸುವ್ಲಾ ಬಯಲು ಇಡಿಯಾಗಿ ಹರಡಿಕೊಳ್ಳುತ್ತದೆ. ದಡದ ಹತ್ತಿರ ಬೇಸಿಗೆಯಲ್ಲಿ ಒಣಗಿ ಬೆಳ್ಳಗಾದ ಉಪ್ಪಿನ ಕೆರೆ, ಅದರಾಚೆ ಹೊಲಗದ್ದೆಗಳು, ಬಲಕ್ಕೆ ಟೆಕ್ಕೆ ತೆಪೆ ಮತ್ತು ಕವಾಕ್ ತೆಪೆ ಬೆಟ್ಟಸಾಲು. ಆಗಸ್ಟ್ 6ರ ರಾತ್ರಿ ಜನರಲ್ ಸ್ಟಾಪ್‌ಫರ್ಡ್ ಅವರ ಪಡೆ ಆ ದಡದಲ್ಲಿ ಇಳಿದಾಗ ಎದುರಿಗೆ ಬಹಳ ಕಡಿಮೆ ತುರ್ಕಿ ಸೈನಿಕರಿದ್ದರು. ಬೆಟ್ಟ ಹತ್ತದೆ ದಡದಲ್ಲೇ ಕಳೆದ ಎರಡು ದಿನಗಳು ಇಡೀ ದಂಡಯಾತ್ರೆಯ ಹಣೆಬರಹವನ್ನು ಬರೆದವು. ಆಗಸ್ಟ್ 8ರ ರಾತ್ರಿ ಅನಾಫರ್ಟಾ ವಿಭಾಗದ ನಾಯಕತ್ವ ಕಮಾಲರ ಕೈಗೆ ಬಂತು. 9ರ ಬೆಳಗ್ಗೆ ಟೆಕ್ಕೆ ತೆಪೆಯ ನೆತ್ತಿಯಲ್ಲಿ ತುರ್ಕರಿದ್ದರು. ಐದನೇ ನಾರ್ಫೋಕ್ ದಡ ಸೇರಿದ್ದು ಆಗಸ್ಟ್ 10ರಂದು, ಅಂದರೆ ಅವಕಾಶ ಕೈತಪ್ಪಿದ ಮೇಲೆ.

ಈ ಬೆಟ್ಟದ ಕೆಳಗೆ, ಬಯಲು ಶುರುವಾಗುವ ಕಡೆ, 'ಹಿಲ್ 60' ಎಂಬ ದಿಣ್ಣೆಯಿದೆ. ಆ ಹೆಸರು ಒಂದು ವಿಚಿತ್ರ ಕಥೆಗೆ ತಳುಕು ಹಾಕಿಕೊಂಡಿದೆ. 1965ರಲ್ಲಿ, ಐವತ್ತನೇ ವರ್ಷದ ಹೊತ್ತಿಗೆ, ನ್ಯೂಜಿಲೆಂಡಿನ ಕೆಲವು ಹಳೆಯ ಸೈನಿಕರು ಒಂದು ಹೇಳಿಕೆಗೆ ಸಹಿ ಹಾಕಿದರು: ನೆಲಕ್ಕೆ ತಾಗಿ ನಿಂತಿದ್ದ ಒಂದು ಮೋಡದೊಳಗೆ ನಾರ್ಫೋಕಿನ ಸೈನಿಕರು ಸಾಲಾಗಿ ನಡೆದು ಹೋದರು, ಮೋಡ ಮೇಲೆದ್ದು ತೇಲಿ ಹೋಯಿತು, ಕೆಳಗೆ ಒಬ್ಬರೂ ಉಳಿದಿರಲಿಲ್ಲ. ಹಾರುವ ತಟ್ಟೆಗಳ ಕಥೆಗಳಿಗೆ ಹಸಿದಿದ್ದ ಕಾಲ ಅದು. ಈ ಹೇಳಿಕೆ ಜಗತ್ತನ್ನೆಲ್ಲ ಸುತ್ತಿತು. ಅದರಲ್ಲಿ ಹೇಳಿದ ದಿನ ಆಗಸ್ಟ್ 21, ಹೇಳಿದ ಬೆಟಾಲಿಯನ್ ನಾಲ್ಕನೇ ನಾರ್ಫೋಕ್, ಹೇಳಿದ ಜಾಗ ಹಿಲ್ 60. ಐದನೇ ಬೆಟಾಲಿಯನ್ ದಾಳಿ ಮಾಡಿದ್ದು 12ರಂದು, ಹಿಲ್ 60ರಿಂದ ಉತ್ತರಕ್ಕೆ ಮೈಲಿಗಳಾಚೆ. ನಾಲ್ಕನೇ ಬೆಟಾಲಿಯನ್ ಎಲ್ಲಿಯೂ ಮಾಯವಾಗಲಿಲ್ಲ. ಬೆಟ್ಟದ ಮೇಲೆ ನಿಂತು ಎರಡೂ ಜಾಗಗಳನ್ನು ಒಂದೇ ನೋಟದಲ್ಲಿ ಅಳೆದಾಗ ಆ ಕಥೆ ತಾನಾಗಿ ಬಿದ್ದುಹೋಗುತ್ತದೆ.

ಆದರೂ ಅಂಥ ಕಥೆ ಏಕೆ ಹುಟ್ಟುತ್ತದೆ ಎಂಬುದು ನಮಗೆ ಅರ್ಥವಾಗದ್ದೇನಲ್ಲ. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ, ನಡುವಿನದರಲ್ಲಿ ಸತ್ತ ವೀರನನ್ನು ಎತ್ತಿಕೊಂಡು ಆಕಾಶಕ್ಕೇರುವ ಅಪ್ಸರೆಯರು. ಆ ಮೋಡ ಈ ನಡುವಿನ ಪಟ್ಟಿಕೆಯೇ. ಆದರೆ ನಮ್ಮ ಶಿಲ್ಪಿ ಕೆಳಗಿನ ಪಟ್ಟಿಕೆಯನ್ನು ಎಂದೂ ಬಿಡುವುದಿಲ್ಲ. ಯಾರ ಊರಿನ ದನ ಹೋಯಿತು, ಯಾರೊಡನೆ ಕಾದಿದ, ಹೇಗೆ ಬಿದ್ದ ಎಂಬುದನ್ನು ಮೊದಲು ಕೆತ್ತಿ, ಆಮೇಲೆ ಸ್ವರ್ಗಕ್ಕೆ ಕಳಿಸುತ್ತಾನೆ. ಮೋಡದ ಕಥೆ ಹೇಳಿದವರು ಕಾಳಗವನ್ನೇ ಅಳಿಸಿಬಿಟ್ಟರು. ಬಾಯಾರಿ, ಗಾಯಗೊಂಡು, ಕೊನೆಯವರೆಗೂ ಗುಂಡು ಹಾರಿಸಿ ಸತ್ತ ತೋಟಗಾರರಿಗೆ ಅದರಿಂದ ಅನ್ಯಾಯವಾಯಿತು ಎಂದೇ ನನ್ನ ಭಾವನೆ.

ನಾಲ್ಕನೆಯ ದಿನ: ಸುವ್ಲಾ

ಬೆಳಗ್ಗೆ ಬೇಗ ಹೊರಟು ಲಾಲಾ ಬಾಬಾ ದಿಣ್ಣೆಯ ಬಳಿ ದಡಕ್ಕೆ ಬಂದೆವು. ಕೊಲ್ಲಿಯ ನೀರು ಅಲುಗಾಡದೆ ನಿಂತಿತ್ತು. ಜುಲೈ 30ರಂದು ಲಿವರ್‌ಪೂಲ್‌ನಿಂದ 'ಅಕ್ವಿಟೇನಿಯ' ಹಡಗಿನಲ್ಲಿ ಹೊರಟ ಬೆಟಾಲಿಯನ್ ಲೆಮ್ನೋಸ್ ದ್ವೀಪದ ಮುದ್ರೋಸ್ ಬಂದರಿನ ಮೂಲಕ ಇಲ್ಲಿಗೆ ಬಂದು ಇಳಿಯಿತು. ಅದು 54ನೇ ಈಸ್ಟ್ ಆಂಗ್ಲಿಯನ್ ಡಿವಿಜನ್ನಿನ 163ನೇ ಬ್ರಿಗೇಡಿಗೆ ಸೇರಿತ್ತು. ನಾಲ್ಕನೇ ನಾರ್ಫೋಕ್, ಐದನೇ ಸಫೋಕ್ ಮತ್ತು ಎಂಟನೇ ಹ್ಯಾಂಪ್‌ಶೈರ್ ಜೊತೆಯ ಬೆಟಾಲಿಯನ್‌ಗಳು. ನಾಲ್ಕೂ ಮೀಸಲು ಪಡೆಗಳೇ. ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಶತ್ರುವಿನ ಗುಂಡಿನ ಸದ್ದು ಕೇಳಿದವರಲ್ಲ.

ಇಳಿದ ಎರಡನೇ ದಿನಕ್ಕೇ ಆಜ್ಞೆ ಬಂತು. 13ರ ಬೆಳಗಿನ ಜಾವ ಇಡೀ ಡಿವಿಜನ್ ಟೆಕ್ಕೆ ತೆಪೆ ಸಾಲಿನ ಮೇಲೆ ದಾಳಿ ಮಾಡಬೇಕೆಂಬ ಯೋಜನೆಯಿತ್ತು. ಅದಕ್ಕೆ ಮೊದಲು ನಡುವಿನ ಕುಚುಕ್ ಅನಾಫರ್ಟಾ ಬಯಲಿನಲ್ಲಿ ಅಡಗಿದ್ದ ತುರ್ಕಿ ಗುರಿಕಾರರನ್ನು ತೆರವು ಮಾಡುವ ಕೆಲಸ 163ನೇ ಬ್ರಿಗೇಡಿನದಾಯಿತು. ಬಯಲಿನ ಸರಿಯಾದ ನಕ್ಷೆಯಿಲ್ಲ, ನೀರು ಸಾಲದು, ಹಗಲಿನ ಬಿಸಿಲು ಇಳಿಯುವ ಮೊದಲೇ ದಾಳಿ. ಹಡಗು ಮತ್ತು ದಡದ ಫಿರಂಗಿಗಳು ನಾಲ್ಕು ಗಂಟೆಗೆ ಗುಂಡು ಹಾರಿಸತೊಡಗಿದರೂ ಪದಾತಿಗಳು ಮುಕ್ಕಾಲು ಗಂಟೆ ತಡವಾಗಿ ಎದ್ದರು. ಹೀಗಾಗಿ ಫಿರಂಗಿಯ ನೆರವು ಬಹಳಷ್ಟು ವ್ಯರ್ಥವಾಯಿತು.

ನಾವು ಕಾರನ್ನು ರಸ್ತೆಬದಿಯಲ್ಲಿ ಬಿಟ್ಟು ಹೊಲಗಳ ನಡುವಿನ ಕಾಲುದಾರಿಯಲ್ಲಿ ನಡೆದೆವು. ದೂರದಿಂದ ಸಪಾಟಾಗಿ ಕಾಣುವ ಈ ನೆಲ ಒಳಹೊಕ್ಕ ಮೇಲೆ ಬೇರೆಯೇ. ಒಣ ಹಳ್ಳಗಳು, ಮುಳ್ಳಿನ ಬೇಲಿಗಳು, ಅಲ್ಲಲ್ಲಿ ಓಕ್ ಮರಗಳ ಗುಂಪು, ಮಾರುದೂರ ಕಳೆದರೆ ಹಿಂದೆ ಬರುವವನು ಕಾಣುವುದಿಲ್ಲ. ಹಿಂದೆ ಬಿದ್ದಿದ್ದ ತಮ್ಮ ಕೂಗಿ ಕರೆದ: "ಅಣ್ಣ, ಎಲ್ಲಿದ್ದೀಯ?" ನಮ್ಮಿಬ್ಬರ ನಡುವೆ ನೂರು ಹೆಜ್ಜೆಯೂ ಇರಲಿಲ್ಲ.

ಆ ಸಂಜೆ ಸಾಲಿನ ಬಲತುದಿಯಲ್ಲಿದ್ದ ಐದನೇ ನಾರ್ಫೋಕಿಗೆ ಎದುರಾದ ಪ್ರತಿರೋಧ ಮೊದಲಿಗೆ ಕಡಿಮೆಯಾಗಿತ್ತು. ಕರ್ನಲ್ ಬೀಚಮ್ ಕೈಯಲ್ಲಿ ಬೆತ್ತ ಹಿಡಿದು, ಹುಡುಗರನ್ನು ಹುರಿದುಂಬಿಸುತ್ತ, ಮುಂದೆ ಮುಂದೆ ಸಾಗಿದರು. ಎಡಗಡೆಯ ಬೆಟಾಲಿಯನ್‌ಗಳು ಗುಂಡಿನ ಮಳೆಗೆ ತಡೆದು ನಿಂತವು. ನಡುವೆ ತೆರಪು ಬಿತ್ತು. ದಂಡಯಾತ್ರೆಯ ಮಹಾಸೇನಾಪತಿ ಸರ್ ಇಯಾನ್ ಹ್ಯಾಮಿಲ್ಟನ್ ತಮ್ಮ ವರದಿಯಲ್ಲಿ, ಗಾಯಗೊಂಡವರೂ ಬಾಯಾರಿ ಬಳಲಿದವರೂ ರಾತ್ರಿ ಹಿಂದೆ ಬಂದರೆಂದೂ, ಕರ್ನಲ್ ಮಾತ್ರ 16 ಅಧಿಕಾರಿಗಳು ಮತ್ತು 250 ಸೈನಿಕರೊಡನೆ ಮುಂದುವರಿದು ಕಾಡಿನೊಳಗೆ ನುಗ್ಗಿದರೆಂದೂ, ಅವರಲ್ಲಿ ಒಬ್ಬರೂ ಮರಳಲಿಲ್ಲವೆಂದೂ ಬರೆದರು. ಅದು ಬಹಳ ನಿಗೂಢ ಸಂಗತಿ ಎಂದು ಅವರೇ ಬಳಸಿದ ಮಾತು ಮುಂದಿನ ಎಲ್ಲ ಕಟ್ಟುಕಥೆಗಳಿಗೆ ಬೀಜವಾಯಿತು. ವಾಸ್ತವದಲ್ಲಿ ಆ 250 ಜನರೆಲ್ಲ ಸಾಯಲಿಲ್ಲ. ಕೆಲವರು ದಾರಿ ಹುಡುಕಿಕೊಂಡು ಹಿಂದಿರುಗಿದರು, ಕೆಲವರು ಸೆರೆಯಾದರು. ಫ್ರಾಂಕ್ ಬೆಕ್ ಒಂದು ಮರದ ಕೆಳಗೆ ತಲೆ ಒಂದು ಕಡೆಗೆ ವಾಲಿಸಿ ಕುಳಿತಿದ್ದುದನ್ನು ಕಂಡೆನೆಂದು ಉಳಿದು ಬಂದ ಒಬ್ಬ ಸೈನಿಕ ಹೇಳಿದ. ಬಳಲಿ ಕುಳಿತಿದ್ದರೋ, ಸತ್ತಿದ್ದರೋ, ಅವನಿಗೂ ತಿಳಿಯಲಿಲ್ಲ.

ಐದನೇ ಜಾರ್ಜ್ ದೊರೆ ತನ್ನ ಎಸ್ಟೇಟಿನ ಜನರ ಗತಿಯೇನೆಂದು ಹ್ಯಾಮಿಲ್ಟನ್‌ಗೆ ತಂತಿ ಕಳಿಸಿದರು. ರಾಜಮಾತೆ ಅಲೆಕ್ಸಾಂಡ್ರಾ ಅಮೆರಿಕದ ರಾಯಭಾರಿಯ ಮೂಲಕ ಇಸ್ತಾಂಬುಲ್‌ನಲ್ಲಿ ವಿಚಾರಿಸಿದರು. ಅದೇ ಸಂಜೆ, ಅದೇ ಬಯಲಿನಲ್ಲಿ, ಐಲ್ ಆಫ್ ವೈಟ್ ದ್ವೀಪದ ಹುಡುಗರಿಂದ ಕೂಡಿದ ಎಂಟನೇ ಹ್ಯಾಂಪ್‌ಶೈರ್ ಕೂಡ ಭಾರೀ ನಷ್ಟಕ್ಕೊಳಗಾಯಿತು. ಅವರ ಬಗ್ಗೆ ಮೋಡದ ಕಥೆಯಿಲ್ಲ, ಅರಮನೆಯ ತಂತಿಯಿಲ್ಲ. ಈ ಬಯಲಿಗೆ ಬರುವವರು ಅವರನ್ನೂ ನೆನೆಯಬೇಕು.

ನಿಗೂಢವೆಂದಿದ್ದು ಬಯಲಾದದ್ದು 1919ರಲ್ಲಿ. ಗೋರಿಗಳ ಶೋಧಕ್ಕೆ ಬಂದ ದಳಕ್ಕೆ ನಾರ್ಫೋಕ್ ರೆಜಿಮೆಂಟಿನ ಟೋಪಿಯ ಬಿಲ್ಲೆಯೊಂದು ಸಿಕ್ಕಿತು. ಪಾದ್ರಿ ಪಿಯರ್‌ಪಾಯಿಂಟ್ ಎಡ್ವರ್ಡ್ಸ್ ಆ ಸುಳಿವು ಹಿಡಿದು ಹೋದಾಗ ತುರ್ಕಿ ಮುಂಚೂಣಿಯ ಹಿಂದೆ ಸುಮಾರು ಒಂದು ಚದರ ಮೈಲಿಯಲ್ಲಿ ಚದುರಿದ್ದ 180 ದೇಹಗಳು ದೊರೆತವು. 122 ಮಂದಿ ನಾರ್ಫೋಕಿನವರು. ಹೆಸರು ಹಿಡಿದು ಗುರುತಿಸಲಾದದ್ದು ಇಬ್ಬರನ್ನು ಮಾತ್ರ, ಬಾರ್ನಬಿ ಮತ್ತು ಕಾಟರ್ ಎಂಬ ಸೈನಿಕರನ್ನು. ಹೆಚ್ಚಿನವರು ಹಾಳುಬಿದ್ದ ಒಂದು ಹೊಲಮನೆಯ ಸುತ್ತ ಇದ್ದರು. ಯುದ್ಧದ ನಂತರ ಮನೆಗೆ ಮರಳಿದ ರೈತ, ಅಂಗಳದಲ್ಲಿ ಬಿದ್ದಿದ್ದ ದೇಹಗಳನ್ನು ಹತ್ತಿರದ ಕೊರಕಲಿಗೆ ಹಾಕಿದ್ದಾಗಿ ಹೇಳಿದ. ಅವನನ್ನು ಹೇಗೆ ದೂರುವುದು? ಅವನಿಗೂ ಉಳುವ ಕಾಲ ಬಂದಿತ್ತು. ಕಾಡೆಂದು ಹ್ಯಾಮಿಲ್ಟನ್ ಬರೆದದ್ದು ಈ ಓಕ್ ಮರಗಳ ಗುಂಪುಗಳನ್ನೇ ಇರಬೇಕು; ಕೊನೆಯ ಹೋರಾಟ ಆ ರೈತನ ಅಂಗಳದ ಆಸುಪಾಸಿನಲ್ಲಿ ನಡೆಯಿತು.

ಮಧ್ಯಾಹ್ನದ ಮೇಲೆ ಅಜ್ಮಾಕ್ ಸ್ಮಶಾನಕ್ಕೆ ಬಂದೆವು. ಸುತ್ತಲಿನ ಹಲವು ಸಣ್ಣ ಗೋರಿದಾಣಗಳನ್ನು, ಐದನೇ ನಾರ್ಫೋಕಿನ ಹೆಸರಿನದೇ ಒಂದನ್ನು ಸೇರಿಸಿ, ಯುದ್ಧದ ನಂತರ ಒಂದುಗೂಡಿಸಿದ ಜಾಗ ಇದು. ಒಟ್ಟು 1,074 ಮಂದಿ ಇಲ್ಲಿದ್ದಾರೆ, ಅವರಲ್ಲಿ 684 ಮಂದಿಯ ಗುರುತಿಲ್ಲ. ಆಗಸ್ಟ್ 12ರಂದು ಸತ್ತ ಐದನೇ ನಾರ್ಫೋಕಿನವರು 114. ಫ್ರಾನ್ಸಿನಲ್ಲಿರುವಂತೆ ನೆಟ್ಟಗೆ ನಿಂತ ಗೋರಿಗಲ್ಲುಗಳು ಗ್ಯಾಲಿಪೊಲಿಯಲ್ಲಿಲ್ಲ. ನೆಲಕ್ಕೆ ತಗ್ಗಿದ ಸಣ್ಣ ಕಲ್ಲುಗಳು, ಅವುಗಳ ನಡುವೆ ಖಾಲಿ ಹುಲ್ಲುಹಾಸು. ಗುರುತಿಲ್ಲದವರು ಆ ಹುಲ್ಲಿನ ಕೆಳಗಿದ್ದಾರೆ. ಕರ್ನಲ್ ಯಾರು, ತೋಟಗಾರ ಯಾರು ಎಂಬುದು ಅಲ್ಲಿ ಗೊತ್ತಾಗುವುದಿಲ್ಲ. ಹೆಲ್ಲೆಸ್‌ನಲ್ಲಿ ಬರೆದುಕೊಂಡಿದ್ದ ಅಧಿಕಾರಿಗಳ ಹೆಸರುಗಳನ್ನು ನಾನು ಮೆಲ್ಲಗೆ ಓದಿದೆ. ಬಾರ್ನಬಿ, ಕಾಟರ್ ಎಂಬ ಎರಡು ಹೆಸರುಗಳನ್ನು ತಮ್ಮ ಸೇರಿಸಿದ.

ಬೆಟಾಲಿಯನ್ ಅಲ್ಲಿಗೇ ಮುಗಿಯಲಿಲ್ಲ. ನವೆಂಬರ್ ಕೊನೆಯ ಬಿರುಗಾಳಿ, ನೆರೆ ಮತ್ತು ಹಿಮದಲ್ಲಿ ಸುವ್ಲಾದ ಕಂದಕಗಳು ಮುಳುಗಿ ಸಾವಿರಾರು ಮಂದಿಯ ಕೈಕಾಲುಗಳು ಮರಗಟ್ಟಿದವು. ಡಿಸೆಂಬರ್ 20ರ ಹೊತ್ತಿಗೆ ಸುವ್ಲಾ ಸಂಪೂರ್ಣ ತೆರವಾಯಿತು. ಈಜಿಪ್ಟಿನಲ್ಲಿ ಹೊಸ ಜನರನ್ನು ತುಂಬಿಕೊಂಡ ಐದನೇ ನಾರ್ಫೋಕ್, 1917ರ ಏಪ್ರಿಲ್ 19ರಂದು ಗಾಜಾದ ಎರಡನೇ ಕದನದಲ್ಲಿ ಮತ್ತೆ ಅಷ್ಟೇ ಘೋರವಾಗಿ ಪೆಟ್ಟು ತಿಂದಿತು. 1918ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಬ್ರಿಟಿಷ್ ಸೇನಾಪತಿ ಆಲೆನ್‌ಬಿಯವರ ಸೇನೆ ಮುನ್ನುಗ್ಗಿದಾಗ 54ನೇ ಡಿವಿಜನ್ ಅದರ ಭಾಗವಾಗಿತ್ತು. ಅದೇ ಸೇನೆಯ ಅಶ್ವಾರೋಹಿಗಳಾಗಿ ಸೆಪ್ಟೆಂಬರ್ 23ರಂದು ಹೈಫಾಕ್ಕೆ ನುಗ್ಗಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಆ ಕಲ್ಲಿನ ಮೇಲಿನ ಹೆಸರುಗಳಿಗೂ ಈ ಹುಲ್ಲಿನ ಕೆಳಗಿನವರ ಸಂಗಾತಿಗಳಿಗೂ ಒಂದೇ ಸೇನಾಪತಿ ಇದ್ದನೆಂಬುದು ಇಲ್ಲಿ ನಿಂತಾಗಲೇ ಮನಸ್ಸಿಗೆ ತಟ್ಟಿತು.

ಸಂಜೆ ಐದಕ್ಕೆ ಸ್ವಲ್ಪ ಮೊದಲು, ಅವರು ಎದ್ದು ಹೊರಟ ಹೊತ್ತಿಗೇ, ನಾವೂ ಸ್ಮಶಾನದಿಂದ ಹೊರಟೆವು. ಸೂರ್ಯ ಬೆನ್ನ ಹಿಂದೆ ಕೊಲ್ಲಿಯ ಕಡೆಗಿದ್ದ. ಎದುರಿನ ಬೆಟ್ಟಸಾಲು ಪ್ರತಿ ಪೊದೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕೆಲವೇ ನಿಮಿಷಗಳಲ್ಲಿ ಕಾರು ಕುಚುಕ್ ಅನಾಫರ್ಟಾ ಊರನ್ನು ಮುಟ್ಟಿತು. ಚಹಾದಂಗಡಿಯ ಮುಂದೆ ನಾಲ್ಕೈದು ಮುದುಕರು ಕುಳಿತಿದ್ದರು. ಒಬ್ಬರು ತಮ್ಮ ಪಕ್ಕದ ಕುರ್ಚಿಗಳನ್ನು ನಮ್ಮತ್ತ ಎಳೆದುಕೊಟ್ಟರು. ನಾವು ಎಲ್ಲಿಗೆ ಹೋಗಿ ಬಂದೆವೆಂದು ಕೈಸನ್ನೆಯಲ್ಲೇ ಕೇಳಿ ತಲೆಯಾಡಿಸಿದರು. ಕುಡಿಯಲು ಮೊದಲು ಎರಡು ಲೋಟ ನೀರು ಬಂತು, ಆಮೇಲೆ ಚಹಾ. ಕುಳಿತಲ್ಲಿಂದಲೇ ಇಳಿಜಾರಿನ ಕೆಳಗೆ ಬಯಲು, ಓಕ್ ಮರಗಳು, ಅದರಾಚೆ ಬೆಳ್ಳಗಿನ ಉಪ್ಪಿನ ಕೆರೆ ಎಲ್ಲವೂ ಕಾಣುತ್ತಿದ್ದವು.